ಸೆಪ್ಟೆಂಬರ್ 17ರ ಪಾಠ ಪೂರ್ತಿಯಾಗಲಿ

ರಾಜ್ಯದ ಉಳಿದ ಭಾಗದ ಶಾಲೆಗಳಿಗಿಂತ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಶಾಲೆಗಳಲ್ಲಿ ವರ್ಷಕ್ಕೆ ಒಂದು ಸಲ ಹೆಚ್ಚು ರಾಷ್ಟ್ರಧ್ವಜ ಏರುತ್ತದೆ. ಆ ದಿನ ಸೆಪ್ಟೆಂಬರ್ 17. ಮೊದಲು ವಿಮೋಚನಾ ದಿನ ಎನ್ನುತ್ತಿದ್ದೆವು, 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ದಿನ ಎನ್ನುತ್ತೇವೆ. ಪ್ರಶಿಕ್ಷಣಾರ್ಥಿಗಳಾದ ನಾವು ಶಾಲೆಗೆ ಬಂದರೆ ಆ ದಿನದ ಭಾಷಣ, ನಿರೂಪಣೆ, ಮಕ್ಕಳಿಂದ ಮಾಡಿಸುವ ರೂಪಕ ಇವೆಲ್ಲ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತವೆ. ಹಾಗಾಗಿ ಆ ದಿನ ಮಕ್ಕಳಿಗೆ ಏನು ಹೇಳಬೇಕು ಎಂಬುದು ಸಮಾಜ ವಿಜ್ಞಾನದವರಿಗೆ ಮಾತ್ರ ಬಿಟ್ಟ ವಿಷಯವಲ್ಲ. ಬಿ.ಎಸ್ಸಿ. ಬಿ.ಇಡಿ. ಓದುತ್ತಿರುವ ನಾನು ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ನನ್ನ ಅಭಿಪ್ರಾಯ ಇಷ್ಟು: ಸೆಪ್ಟೆಂಬರ್ 17ರ ಪಾಠವನ್ನು ನಾವು ಅರ್ಧಕ್ಕೇ ನಿಲ್ಲಿಸುತ್ತಿದ್ದೇವೆ. 1948ರ ಸೆಪ್ಟೆಂಬರ್‌ಗೆ ಮುಂಚೆ ಸತ್ತವರ ಬಗ್ಗೆ ಸ್ವಲ್ಪ ಹೇಳುತ್ತೇವೆ, ಆ ತಿಂಗಳ ನಂತರ ಸತ್ತವರ ಬಗ್ಗೆ ಏನೂ ಹೇಳುವುದಿಲ್ಲ. ಎರಡನ್ನೂ ಆಧಾರ ಸಮೇತ, ವಯಸ್ಸಿಗೆ ತಕ್ಕಂತೆ ಹೇಳುವುದನ್ನು ಬೋಧನಾಭ್ಯಾಸದಲ್ಲೇ ಕಲಿಯಬೇಕು.

ಮೊದಲು ನಡೆದದ್ದನ್ನು ಚಿಕ್ಕದಾಗಿ ನೆನಪಿಸಿಕೊಳ್ಳೋಣ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದಾಗ ನಮ್ಮ ಊರುಗಳು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು. ನಿಜಾಮರು ಭಾರತದಲ್ಲಿ ವಿಲೀನವಾಗಲು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಭಾರತ ಸರ್ಕಾರದೊಂದಿಗೆ ಯಥಾಸ್ಥಿತಿ ಒಪ್ಪಂದವಾಯಿತು. ಈ ನಡುವೆ ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ರಜಾಕಾರರ ಪಡೆ ಬೆಳೆಯಿತು. ಹಳ್ಳಿಗಳ ಮೇಲೆ ದಾಳಿ, ಮನೆಗಳಿಗೆ ಬೆಂಕಿ, ಲೂಟಿ, ಕೊಲೆ ನಡೆದವು. ಸಾವಿರಾರು ಜನ ಮನೆಮಾರು ಬಿಟ್ಟು ಸಂಸ್ಥಾನದ ಗಡಿ ದಾಟಿ ಹೋದರು. ನಮ್ಮ ಹಿರಿಯರು ಇದನ್ನು ಇಂದಿಗೂ ‘ರಜಾಕಾರರ ಹಾವಳಿ’ ಎಂದೇ ಕರೆಯುತ್ತಾರೆ.

ಆ ಹಾವಳಿಯ ಅತ್ಯಂತ ಕ್ರೂರ ನೆನಪು ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಗೋರಟಾ ಗ್ರಾಮದ್ದು. 1948ರ ಮೇ ತಿಂಗಳಲ್ಲಿ ಅಲ್ಲಿ ನಡೆದ ಹತ್ಯಾಕಾಂಡದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರೆಂದು ಹೇಳಲಾಗುತ್ತದೆ. ಇಂದು ಅಲ್ಲಿ ಹುತಾತ್ಮರ ಸ್ಮಾರಕವಿದೆ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾಯಿತು. ಅದೇ ಜಿಲ್ಲೆಯ ವರವಟ್ಟಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸಹೋದರಿ ತೀರಿಕೊಂಡರು ಎಂಬುದನ್ನು ಅವರ ಕುಟುಂಬದವರೇ ಸಾರ್ವಜನಿಕವಾಗಿ ಹೇಳಿದ್ದಾರೆ. ಆ ಕೃತ್ಯಕ್ಕೆ ರಜಾಕಾರರು ಹೊಣೆ, ಇಡೀ ಮುಸ್ಲಿಂ ಸಮುದಾಯವಲ್ಲ ಎಂಬ ಮಾತನ್ನೂ ಆ ಕುಟುಂಬ ಜೊತೆಗೇ ಹೇಳಿದೆ. ಮನೆಯವರನ್ನೇ ಕಳೆದುಕೊಂಡವರು ಮಾಡಬಲ್ಲ ಈ ವ್ಯತ್ಯಾಸವನ್ನು ಮೂರು ನಿಮಿಷದ ಭಾಷಣ ಮಾಡುವ ನಾವು ಮಾಡದೇ ಬಿಡಬಾರದು.

ರಜಾಕಾರರಿಗೆ ಬಲಿಯಾದವರಲ್ಲಿ ಮುಸ್ಲಿಮರೂ ಇದ್ದರು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಬರೆಯುತ್ತಿದ್ದರು. 1948ರ ಆಗಸ್ಟ್‌ನಲ್ಲಿ ಅವರನ್ನು ಹೈದರಾಬಾದ್ ನಗರದ ಬೀದಿಯಲ್ಲಿ ಕೊಂದರು. ನಮ್ಮ ರೂಪಕಗಳಲ್ಲಿ ಅವರ ಪಾತ್ರವನ್ನು ನಾನು ಈವರೆಗೆ ನೋಡಿಲ್ಲ. ಒಂದು ಪುಟ್ಟ ಪಾತ್ರ ಸೇರಿಸಿದರೂ ಸಾಕು, ರೂಪಕ ನೋಡುವ ಮಗು ಕಥೆಯನ್ನು ಎರಡು ಧರ್ಮಗಳ ಜಗಳ ಎಂದು ತಿಳಿಯುವುದು ತಪ್ಪುತ್ತದೆ.

1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಸಂಸ್ಥಾನದೊಳಗೆ ಬಂತು. ಸೇನೆ ಇಟ್ಟ ಹೆಸರು ಆಪರೇಷನ್ ಪೋಲೊ, ಜನರ ಬಾಯಲ್ಲಿ ಉಳಿದದ್ದು ‘ಪೊಲೀಸ್ ಆಕ್ಷನ್’. ಐದನೆಯ ದಿನ, 17ರಂದು, ನಿಜಾಮರು ಸೋಲೊಪ್ಪಿದರು. ಮೇಜರ್ ಜನರಲ್ ಜೆ.ಎನ್. ಚೌಧುರಿ ಮಿಲಿಟರಿ ಗವರ್ನರ್ ಆದರು. ನಮ್ಮ ಭಾಷಣಗಳು ಇಲ್ಲಿಗೆ ಮುಗಿಯುತ್ತವೆ, ಚಪ್ಪಾಳೆ ಬೀಳುತ್ತದೆ, ಸಿಹಿ ಹಂಚುತ್ತೇವೆ.

ಆದರೆ ಘಟನೆಗಳು ಅಲ್ಲಿಗೆ ಮುಗಿಯಲಿಲ್ಲ. ಅದೇ ದಿನಗಳಲ್ಲಿ ಮತ್ತು ಮುಂದಿನ ವಾರಗಳಲ್ಲಿ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಸೇಡಿನ ದಾಳಿಗಳಾದವು. ದೂರುಗಳು ದೆಹಲಿ ತಲುಪಿದಾಗ ಪ್ರಧಾನಿ ನೆಹರೂ ಅವರ ಸರ್ಕಾರ ಪಂಡಿತ್ ಸುಂದರ್‌ಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳಿಸಿತು. ಅವರು 1948ರ ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸುತ್ತಿದರು. ಕಡಿಮೆ ಲೆಕ್ಕ ಹಿಡಿದರೂ 27,000ದಿಂದ 40,000 ಜನ ಸತ್ತಿದ್ದಾರೆ ಎಂಬುದು ಅವರ ಅಂದಾಜು. ಹೆಚ್ಚು ಹಾನಿಯಾದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್ ಎಂಬ ನಾಲ್ಕು ಜಿಲ್ಲೆಗಳಲ್ಲಿ. ಈ ನಾಲ್ಕರಲ್ಲೇ ಸತ್ತವರು 18,000ಕ್ಕೆ ಕಡಿಮೆಯಿಲ್ಲ ಎಂದು ಅವರು ಬರೆದರು. ಲೂಟಿ, ಮನೆಗಳ ನಾಶ, ಹೆಂಗಸರ ಅಪಹರಣ, ಬಲವಂತದ ಮತಾಂತರ ಕೂಡ ವರದಿಯಲ್ಲಿವೆ. ಸಂಸ್ಥಾನದ ಗಡಿಯಾಚೆಯಿಂದ ಬಂದ ಸಶಸ್ತ್ರ ಗುಂಪುಗಳ ಪಾತ್ರವನ್ನು, ಕೆಲವು ಕಡೆ ಸೈನಿಕರು ಮತ್ತು ಪೊಲೀಸರು ಲೂಟಿಯಲ್ಲಿ ಸೇರಿದ್ದನ್ನು ಸಹ ವರದಿ ಹೇಳುತ್ತದೆ.

ಗುಲ್ಬರ್ಗಾ ಜಿಲ್ಲೆ ಎಂದರೆ ನಾವು. ವಾಡಿ ಜಂಕ್ಷನ್ನಿನಲ್ಲಿ ರೈಲು ಬದಲಿಸುವ, ಶಹಾಬಾದಿನ ಫರ್ಸಿ ಕಲ್ಲಿನ ಮೇಲೆ ಕುಳಿತು ಓದುವ, ಕಾಗಿಣಾ ನದಿ ದಾಟಿ ಮಳಖೇಡದ ಕೋಟೆಗೆ ಪ್ರವಾಸ ಹೋಗುವ ನಮ್ಮ ಮಕ್ಕಳ ಜಿಲ್ಲೆ. ಗೋರಟಾಕ್ಕೆ ಸ್ಮಾರಕವಿದೆ, ಇರಬೇಕು. ಆದರೆ ಆ 18,000ದಲ್ಲಿ ಸೇರಿದವರಿಗೆ ನಮ್ಮ ಪಠ್ಯದಲ್ಲಾಗಲಿ ಭಾಷಣದಲ್ಲಾಗಲಿ ಒಂದು ವಾಕ್ಯವೂ ಸಿಗುವುದಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ವಿಷಯವಿದೆ, ಶಿಕ್ಷಕರಿಗೆ ಅದು ಬಹಳ ಮುಖ್ಯ. ಅನೇಕ ಕಡೆ ಹಿಂದೂಗಳು ತಮ್ಮ ಜೀವಕ್ಕೇ ಅಪಾಯ ತಂದುಕೊಂಡು ಮುಸ್ಲಿಂ ನೆರೆಯವರನ್ನು ಕಾಪಾಡಿದರು. ಒಂದೇ ಕಸುಬಿನವರಲ್ಲಿ ಈ ಒಗ್ಗಟ್ಟು ಎದ್ದು ಕಾಣುತ್ತಿತ್ತು. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರವಾಗಿ ನಿಂತು ಕಾದರು, ಹಾಗೆ ನಿಂತದ್ದಕ್ಕೆ ಕೆಲವರು ಪ್ರಾಣ ತೆತ್ತರು. ಅಪಹರಣವಾದ ಹೆಂಗಸರನ್ನು ಹುಡುಕಿ ತರಲು ಹಲವು ಹಿಂದೂಗಳು ನೆರವಾದರು. ಕೊಲೆಯನ್ನು ಮುಚ್ಚಿಟ್ಟರೆ ಈ ಕಾಪಾಡಿದವರ ಕಥೆಯೂ ಮುಚ್ಚಿಹೋಗುತ್ತದೆ. ಅಪಾಯ ಏನಿತ್ತೆಂದೇ ಗೊತ್ತಿಲ್ಲದ ಮಗುವಿಗೆ ಕಾಪಾಡಿದವರ ಧೈರ್ಯ ಅರ್ಥವಾಗುವುದು ಹೇಗೆ?

ಇದು ತರಗತಿಯ ಪ್ರಶ್ನೆ ಏಕೆ ಎಂಬುದಕ್ಕೆ ನನ್ನ ಬೋಧನಾಭ್ಯಾಸದ ಒಂದು ಉದಾಹರಣೆ ಕೊಡುತ್ತೇನೆ. ಎಂಟನೆಯ ತರಗತಿಯಲ್ಲಿ ಸ್ತಂಭಾಲೇಖದ ಪಾಠ ನಡೆದಿತ್ತು. ಗುಂಪು ಚಟುವಟಿಕೆಗೆ ಬೆಂಚು ಸರಿಸುವಾಗ ಇಬ್ಬರು ಹುಡುಗರಿಗೆ ಜಗಳವಾಯಿತು. ಒಬ್ಬ ಇನ್ನೊಬ್ಬನಿಗೆ “ಏ ರಜಾಕಾರ, ಸರಿ ಆ ಕಡಿ” ಅಂದ. ಅನ್ನಿಸಿಕೊಂಡವನು ಮುಸ್ಲಿಂ ಹುಡುಗ. ಅವನು ಜಗಳ ಬಿಟ್ಟು ತಲೆ ತಗ್ಗಿಸಿ ಕುಳಿತ. ನಾನು ಆ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು ಅರ್ಥ ಕೇಳಿದೆ. “ಬೈಗುಳ ಅದ ರೀ ಮೇಡಂ” ಎಂದು ಒಬ್ಬಳು ಹೇಳಿದಳು. “ಕಳ್ಳ ಅಂದ್ಹಂಗ ರೀ” ಎಂದ ಇನ್ನೊಬ್ಬ. ಸ್ವಯಂಸೇವಕ ಎಂಬುದು ಆ ಪದದ ಮೂಲ ಅರ್ಥ, ಅದು ಒಂದು ಕಾಲದ ಒಂದು ಪಡೆಯ ಹೆಸರು, ಆ ಪಡೆ 1948ರಲ್ಲೇ ಮುಗಿಯಿತು, ನಮ್ಮ ತರಗತಿಯಲ್ಲಿ ಯಾರೂ ಆ ಪಡೆಗೆ ಸೇರಿದವರಲ್ಲ ಎಂದು ಐದು ನಿಮಿಷ ಹೇಳಿ ಮತ್ತೆ ಸ್ತಂಭಾಲೇಖಕ್ಕೆ ಬಂದೆ.

ಆ ತರಗತಿಯ ಮಕ್ಕಳು ಅದೇ ತಿಂಗಳು ಸೆಪ್ಟೆಂಬರ್ 17ರ ಭಾಷಣ ಕೇಳಿದ್ದರು. ಭಾಷಣದಿಂದ ಅವರಿಗೆ ಉಳಿದದ್ದು ಆ ಒಂದು ಪದ ಮಾತ್ರ, ಅದೂ ಬೈಯುವುದಕ್ಕೆ. ಅರ್ಧ ಪಾಠದ ಪರಿಣಾಮ ಇದು. ನೆನಪು ಸಂಪೂರ್ಣವಾಗಿ ಇಲ್ಲದಿದ್ದರೆ ಆ ಪದ ಸತ್ತುಹೋಗುತ್ತಿತ್ತು. ಪೂರ್ತಿ ಪಾಠ ಇದ್ದಿದ್ದರೆ ಆ ಪದಕ್ಕೆ ಅದರದೇ ಜಾಗ ಸಿಗುತ್ತಿತ್ತು. ಎರಡರ ನಡುವೆ ನಿಂತದ್ದರಿಂದ ಅದು ಹದಿಮೂರು ವರ್ಷದ ಹುಡುಗನ ಮೈಮೇಲೆ ಬಿತ್ತು.

ಈ ಅಭಿಪ್ರಾಯಕ್ಕೆ ನನ್ನ ಸಹಪಾಠಿಗಳಿಂದ, ಹಿರಿಯ ಶಿಕ್ಷಕರಿಂದ ಬಂದ ಆಕ್ಷೇಪಗಳು ಹಗುರವಾದವಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು, ಹಳೆಯ ಗಾಯ ಕೆದಕಬಾರದು ಎಂಬುದು. ಮೊಹರಂನಲ್ಲಿ ಅಲಾಯಿ ಕುಣಿಯುವ ಹಿಂದೂಗಳು, ಶರಣಬಸವೇಶ್ವರ ಜಾತ್ರೆಗೆ ಬರುವ ಮುಸ್ಲಿಮರು, ಖಾಜಾ ಬಂದೇನವಾಜ್ ಉರುಸಿಗೆ ಹೋಗುವ ಎಲ್ಲರೂ ಇರುವ ನಾಡು ಇದು. ಇಷ್ಟು ಚೆನ್ನಾಗಿ ಬಾಳುತ್ತಿರುವಾಗ ಏಕೆ ಹಳೆಯದು ಎಂದು ಕೇಳುತ್ತಾರೆ. ಆದರೆ ಗಾಯವನ್ನು ನಾವು ಈಗಾಗಲೇ ಪ್ರತಿ ವರ್ಷ ಮುಟ್ಟುತ್ತಿದ್ದೇವೆ. ಸೆಪ್ಟೆಂಬರ್ 17 ರಜೆಯಿಲ್ಲದ ಹಬ್ಬವಾಗಿ ಶಾಲೆಯ ಒಳಗೇ ಇದೆ. ಮುಟ್ಟುವುದು ಅನಿವಾರ್ಯವಾದರೆ ಶುದ್ಧ ಕೈಯಿಂದ ಮುಟ್ಟುವುದು ಒಳ್ಳೆಯದು.

ಎರಡನೆಯದು, ಎರಡನ್ನೂ ಹೇಳಿದರೆ ರಜಾಕಾರರ ಕ್ರೌರ್ಯ ತೆಳ್ಳಗಾಗುತ್ತದೆ, ಹೋರಾಟಗಾರರ ತ್ಯಾಗಕ್ಕೆ ಅವಮಾನವಾಗುತ್ತದೆ ಎಂಬುದು. ಇದು ನ್ಯಾಯವಾದ ಆತಂಕ. ಎರಡನ್ನೂ ತಕ್ಕಡಿಯಲ್ಲಿಟ್ಟು ಸರಿದೂಗಿಸುವುದು ಪಾಠದ ಉದ್ದೇಶ ಆಗಬಾರದು. ಗೋರಟಾದಲ್ಲಿ ಸತ್ತವರ ನೋವು ಗುಲ್ಬರ್ಗಾದ ಹಳ್ಳಿಯಲ್ಲಿ ಸತ್ತವರಿಂದ ಕಡಿಮೆಯಾಗುವುದಿಲ್ಲ. ಹಾವಳಿಗೆ ಕಾರಣರಾದವರ ಹೆಸರು ಹೇಳೋಣ. ಕಾಸಿಂ ರಜ್ವಿಯ ಮೇಲೆ ವಿಚಾರಣೆಯಾಗಿ ಜೈಲಾಯಿತು, 1957ರಲ್ಲಿ ಬಿಡುಗಡೆಯಾದ ಮೇಲೆ ಅವನು ಪಾಕಿಸ್ತಾನಕ್ಕೆ ಹೋದ ಎಂಬುದನ್ನೂ ಹೇಳೋಣ. ಆದರೆ ಸೇಡಿಗೆ ಬಲಿಯಾದ ರೈತ, ನೇಕಾರ, ಅವರ ಹೆಂಡತಿ ಮಕ್ಕಳು ರಜ್ವಿಯ ಅಪರಾಧಕ್ಕೆ ಉತ್ತರ ಕೊಡಬೇಕಾದವರಲ್ಲ. ಹೋರಾಟಗಾರರ ವಿಷಯಕ್ಕೆ ಬಂದರೆ, ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ, ಮೊದಲು ಶಾಲಾ ಮಾಸ್ತರರಾಗಿದ್ದವರು, 1952ರಲ್ಲಿ ಗುಲ್ಬರ್ಗಾದಿಂದಲೇ ಲೋಕಸಭೆಗೆ ಹೋದವರು. ಅವರ ಹೋರಾಟ ಜವಾಬ್ದಾರಿ ಸರ್ಕಾರಕ್ಕಾಗಿ ಇತ್ತು. ಸೇಡಿನ ಕೊಲೆಗಳನ್ನು ಮರೆಮಾಚಿ ಆ ಹೋರಾಟವನ್ನು ರಕ್ಷಿಸಬೇಕಾದ ಅಗತ್ಯವಿಲ್ಲ.

ಮೂರನೆಯದು, ಲೆಕ್ಕವೇ ಖಚಿತವಿಲ್ಲ ಎಂಬುದು. ಸುಂದರ್‌ಲಾಲ್ ಸಮಿತಿಯ ವರದಿಯನ್ನು ಸರ್ದಾರ್ ಪಟೇಲರು ಒಪ್ಪಲಿಲ್ಲ. ಸರ್ಕಾರ ದಶಕಗಳ ಕಾಲ ಅದನ್ನು ಪ್ರಕಟಿಸಲಿಲ್ಲ. ಸಂಖ್ಯೆಯ ಬಗ್ಗೆ ಇಂದಿಗೂ ವಾದವಿದೆ. ಇಲ್ಲಿ ವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಹೇಳಲು ಒಂದು ಮಾತಿದೆ. ಪ್ರಯೋಗಾಲಯದಲ್ಲಿ ಅಳತೆ ಬರೆಯುವಾಗ ದೋಷದ ಮಿತಿಯನ್ನೂ ಬರೆಯಿರಿ ಎಂದು ಮಕ್ಕಳಿಗೆ ಕಲಿಸುತ್ತೇವೆ. ದೋಷವಿದೆ ಎಂದು ಅಳತೆಯನ್ನೇ ಅಳಿಸಿಹಾಕುವುದಿಲ್ಲ. 27,000ದಿಂದ 40,000 ಎಂಬುದು ಒಂದು ಅಂದಾಜಿನ ವ್ಯಾಪ್ತಿ. ಯಾರು ಹೇಳಿದರು, ಎಷ್ಟು ಜಿಲ್ಲೆ ನೋಡಿ ಹೇಳಿದರು, ಯಾರು ಒಪ್ಪಲಿಲ್ಲ ಎಂಬ ಮೂರನ್ನೂ ಸೇರಿಸಿ ಹೇಳಿದರೆ ಅದು ಪ್ರಾಮಾಣಿಕ ಪಾಠ. ಗೋರಟಾದ ಸಂಖ್ಯೆಗೂ ಇದೇ ನಿಯಮ ಅನ್ವಯಿಸಬೇಕು.

ಸಂಖ್ಯೆಯ ಜಗಳ ನಮ್ಮದು ಮಾತ್ರವಲ್ಲ. 1937ರ ಡಿಸೆಂಬರ್ 13ರಂದು ಜಪಾನಿ ಸೇನೆ ಚೀನಾದ ನಾನ್‌ಜಿಂಗ್ ನಗರವನ್ನು ಹಿಡಿಯಿತು. ಮುಂದಿನ ಸುಮಾರು ಆರು ವಾರ ಸೆರೆಸಿಕ್ಕವರನ್ನು, ನಾಗರಿಕರನ್ನು ಕೊಂದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. 1985ರಲ್ಲಿ ತೆರೆದ ಅಲ್ಲಿನ ಸ್ಮಾರಕದ ಗೋಡೆಯ ಮೇಲೆ 3,00,000 ಎಂಬ ಸಂಖ್ಯೆಯನ್ನು ಕೆತ್ತಿದ್ದಾರೆ. ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿ 2,00,000ಕ್ಕೂ ಹೆಚ್ಚು ಎಂದಿತು. ಆ ತೀರ್ಪು ಬಂದದ್ದು 1948ರ ನವೆಂಬರ್‌ನಲ್ಲಿ, ಸುಂದರ್‌ಲಾಲ್ ಸಮಿತಿ ನಮ್ಮ ಕಡೆ ಸುತ್ತಾಟ ಶುರು ಮಾಡಿದ ಅದೇ ತಿಂಗಳು. ಜಪಾನಿನಲ್ಲಿ ಕೆಲವರು ಸಂಖ್ಯೆಯ ಭಿನ್ನಾಭಿಪ್ರಾಯವನ್ನೇ ಹಿಡಿದು ಘಟನೆಯನ್ನೇ ಅಲ್ಲಗಳೆದರು. ಅದೇ ಜಪಾನಿನ ಇತಿಹಾಸಕಾರ ಇಯೆನಾಗ ಸಬುರೊ ಶಾಲಾ ಪಠ್ಯದಲ್ಲಿ ತಮ್ಮ ದೇಶದ ಯುದ್ಧಕಾಲದ ಕೃತ್ಯಗಳನ್ನು ಬರೆಯುವ ಹಕ್ಕಿಗಾಗಿ 1965ರಿಂದ 1997ರವರೆಗೆ ನ್ಯಾಯಾಲಯದಲ್ಲಿ ಹೋರಾಡಿದರು. 32 ವರ್ಷ! ನಮ್ಮ ಪ್ರಕರಣ ನಾನ್‌ಜಿಂಗ್‌ನಂತಲ್ಲ. ಇಲ್ಲಿ ಪರದೇಶದ ಸೇನೆ ಬರಲಿಲ್ಲ, ಹಿಂಸೆಯ ಸ್ವರೂಪವೂ ಬೇರೆ. ಆದರೂ ಶಿಕ್ಷಕರಿಗೆ ಇಯೆನಾಗ ಅವರಿಂದ ಕಲಿಯುವುದಿದೆ: ತಮ್ಮವರು ಅನುಭವಿಸಿದ್ದನ್ನು ಹೇಳುವುದು ಸುಲಭ, ತಮ್ಮವರು ಮಾಡಿದ್ದನ್ನು ಹೇಳುವುದಕ್ಕೆ ಪಠ್ಯಪುಸ್ತಕ ಬೇಕು, ಮತ್ತು ಧೈರ್ಯವಿರುವ ಮಾಸ್ತರರು ಬೇಕು.

ನಾಲ್ಕನೆಯ ಆಕ್ಷೇಪ, ಮಕ್ಕಳು ಚಿಕ್ಕವರು ಎಂಬುದು. ಐದನೆಯ ತರಗತಿಯ ಮಗುವಿಗೆ ಕೊಲೆಯ ವಿವರ ಬೇಡ, ಒಪ್ಪುತ್ತೇನೆ. ಕಾಪಾಡಿದ ನೇಕಾರರ ಕಥೆ ಸಾಕು. ಎಂಟು, ಒಂಬತ್ತನೆಯ ತರಗತಿಗೆ ಘಟನೆ ಮತ್ತು ಆಧಾರ ಎರಡೂ ಬೇಕು. ಎನ್‌ಸಿಎಫ್ 2005ರ ಜೊತೆ ಬಂದ ‘ಶಾಂತಿಗಾಗಿ ಶಿಕ್ಷಣ’ದ ವಿಚಾರವನ್ನು ನಾವು ಪರೀಕ್ಷೆಗೆ ಓದುತ್ತೇವೆ. ಅದನ್ನು ಪ್ರಯೋಗಿಸಲು ಸೆಪ್ಟೆಂಬರ್ 17ಕ್ಕಿಂತ ಹತ್ತಿರದ ಸಂದರ್ಭ ನಮಗೆ ಸಿಗುವುದಿಲ್ಲ.

ಹಾಗಾದರೆ ಪಾಠ ಹೇಗಿರಬೇಕು? ಎರಡು ಅವಧಿಗಳ ಒಂದು ಪಾಠ ಯೋಜನೆಯನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲ ಅವಧಿಯಲ್ಲಿ ನಕ್ಷೆ ಮತ್ತು ಕಾಲರೇಖೆ. 1948ರ ಹೈದರಾಬಾದ್ ಸಂಸ್ಥಾನದ ನಕ್ಷೆಯಲ್ಲಿ ಮಕ್ಕಳು ತಮ್ಮ ಊರನ್ನು ಗುರುತಿಸಲಿ. ಸೇಡಂ ಪಕ್ಕದ ಕೊಡಂಗಲ್, ಚಿಂಚೋಳಿ ಪಕ್ಕದ ತಾಂಡೂರು ಆಗ ನಮ್ಮದೇ ಜಿಲ್ಲೆಯಲ್ಲಿದ್ದು 1956ರಲ್ಲಿ ಆಂಧ್ರಕ್ಕೆ ಹೋದವು ಎಂಬುದು ಅವರಿಗೆ ಆಶ್ಚರ್ಯ ತರುತ್ತದೆ. ನಂತರ ಒಂದೇ ದಿನಾಂಕಕ್ಕೆ ಎಷ್ಟು ಹೆಸರು ಎಂದು ನೋಡಲಿ. ಮಹಾರಾಷ್ಟ್ರದಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ, ಕೇಂದ್ರ ಸರ್ಕಾರಕ್ಕೆ ಹೈದರಾಬಾದ್ ವಿಮೋಚನಾ ದಿನ, ತೆಲಂಗಾಣದಲ್ಲಿ 2022ರಲ್ಲಿ ರಾಷ್ಟ್ರೀಯ ಏಕೀಕರಣ ದಿನ, 2024ರಲ್ಲಿ ಪ್ರಜಾಪಾಲನಾ ದಿನ. ಹೆಸರು ಬದಲಾದಾಗ ನೆನಪಿನಲ್ಲಿ ಏನು ಮುಂದೆ ಬರುತ್ತದೆ, ಏನು ಹಿಂದೆ ಸರಿಯುತ್ತದೆ ಎಂದು ಮಕ್ಕಳನ್ನೇ ಕೇಳಬಹುದು.

ಎರಡನೆಯ ಅವಧಿಯಲ್ಲಿ ನಾಲ್ಕು ಚಿಕ್ಕ ಓದು ಚೀಟಿಗಳು, ನಾಲ್ಕು ಗುಂಪುಗಳು: ಗೋರಟಾ, ಶೋಯೆಬುಲ್ಲಾ ಖಾನ್, ಸುಂದರ್‌ಲಾಲ್ ವರದಿಯ ಅಂದಾಜು ಮತ್ತು ಅದಕ್ಕೆ ಬಂದ ವಿರೋಧ, ಕಾಪಾಡಿದ ನೇಕಾರರು. ಪ್ರತಿ ಗುಂಪು ಮೂರು ಪ್ರಶ್ನೆಗೆ ಉತ್ತರ ಬರೆಯಬೇಕು. ಇದು ಯಾರಿಗೆ ಆಯಿತು? ಇದು ನಮಗೆ ಹೇಗೆ ಗೊತ್ತಾಯಿತು? ಇದನ್ನು ಯಾರು ನೆನೆಯುತ್ತಾರೆ? ಮೌಲ್ಯಮಾಪನವೂ ಈ ಉತ್ತರಗಳ ಮೇಲೇ ಇರಲಿ, ದಿನಾಂಕ ಕಂಠಪಾಠದ ಮೇಲೆ ಬೇಡ.

ಇದರ ಜೊತೆ ಹಿರಿಯರ ಮಾತು ಕೇಳುವ ಕೆಲಸವಿದೆ, ಅದಕ್ಕೆ ಸಮಯ ಕಡಿಮೆ. 1948ರಲ್ಲಿ ಹತ್ತು ವರ್ಷದವರಿದ್ದವರಿಗೆ ಈಗ ಎಂಬತ್ತೈದು ದಾಟಿದೆ. ಆದರೆ ಈ ಕೆಲಸಕ್ಕೆ ಕಟ್ಟುನಿಟ್ಟಾದ ನಿಯಮ ಬೇಕು. ಹಿರಿಯರನ್ನು ಮೊದಲು ಶಿಕ್ಷಕರೇ ಭೇಟಿಯಾಗಿ, ಏನು ಹೇಳಲು ಇಷ್ಟ, ಏನು ಬೇಡ ಎಂದು ತಿಳಿದುಕೊಳ್ಳಬೇಕು. ಹೆಣ್ಣುಮಕ್ಕಳಿಗೆ ಆದ ಅನ್ಯಾಯದ ಬಗ್ಗೆ ಒತ್ತಾಯಿಸಿ ಕೇಳಬಾರದು. ತಪ್ಪು ಮಾಡಿದವರ ಮನೆತನದ ಹೆಸರು ಬರೆಯಬಾರದು, ಏಕೆಂದರೆ ಆ ಮನೆಯ ಮಗು ಇದೇ ತರಗತಿಯಲ್ಲಿ ಇರಬಹುದು. ಯಾವ ಮಗುವನ್ನೂ ಅದರ ಧರ್ಮದ ಪ್ರತಿನಿಧಿಯಾಗಿ ನಿಲ್ಲಿಸಿ “ನಿಮ್ಮವರು ಏನಂತಾರೆ?” ಎಂದು ಕೇಳಬಾರದು. ಎರಡೂ ಸಮುದಾಯದ ಓಣಿಗಳಿಗೆ ಹೋಗಬೇಕು. ಒಂದೇ ಓಣಿಗೆ ಹೋಗಿ ಬಂದರೆ ಮತ್ತೆ ಅರ್ಧ ಪಾಠವೇ ಆಗುತ್ತದೆ.

ನಮ್ಮ ಬೋಧಕರಲ್ಲಿ ಒಂದು ಕೋರಿಕೆ. ಕಷ್ಟದ ಪರಿಕಲ್ಪನೆಗಳನ್ನು ಬೋಧಿಸುವುದನ್ನು ನಮಗೆ ಸೂಕ್ಷ್ಮ ಬೋಧನೆಯಲ್ಲಿ ಮಾಡಿಸುತ್ತೀರಿ. ಪ್ರಶ್ನೆ ಕೇಳುವ ಕೌಶಲ, ಉದಾಹರಣೆ ಕೊಡುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಲ್ಲಕ್ಕೂ ಅವಲೋಕನ ಪತ್ರವಿದೆ. ನೋವಿನ ವಿಷಯವನ್ನು ಬೋಧಿಸುವ ಕೌಶಲವನ್ನೂ ಆ ಪಟ್ಟಿಗೆ ಸೇರಿಸಿ. ವಿಜ್ಞಾನ, ಭಾಷೆ, ಸಮಾಜ ವಿಜ್ಞಾನ ಎಂದು ಭೇದ ಮಾಡದೆ ಪ್ರತಿ ಪ್ರಶಿಕ್ಷಣಾರ್ಥಿಯೂ ಸಹಪಾಠಿಗಳ ಮುಂದೆ ಒಮ್ಮೆ ಸೆಪ್ಟೆಂಬರ್ 17ರ ಪಾಠ ಮಾಡಲಿ. ನೀವು ಹಿಂದಿನ ಬೆಂಚಿನಲ್ಲಿ ಕುಳಿತು ಟೀಕೆ ಬರೆಯಿರಿ. ತಪ್ಪುಗಳು ಮಕ್ಕಳ ಮುಂದೆ ಆಗುವ ಬದಲು ನಮ್ಮ ಕಾಲೇಜಿನಲ್ಲೇ ಆಗಿ ತಿದ್ದಲ್ಪಡಲಿ.

ಮುಂದಿನ ಸೆಪ್ಟೆಂಬರ್‌ಗೆ ನಮ್ಮಲ್ಲಿ ಹಲವರು ಈ ಐದು ಊರುಗಳ ಶಾಲೆಗಳಲ್ಲಿ ಇರುತ್ತೇವೆ. ಭಾಷಣ ಬರೆದುಕೊಡಿ ಎಂದು ಮುಖ್ಯ ಗುರುಗಳು ಹೇಳುತ್ತಾರೆ. ಆಗ ಹೋರಾಟಗಾರರ ಹೆಸರು, ಗೋರಟಾದ ಹೆಸರು, ಶೋಯೆಬುಲ್ಲಾ ಖಾನರ ಹೆಸರು ಬರೆದ ಮೇಲೆ ಇನ್ನೂ ಒಂದು ವಾಕ್ಯ ಸೇರಿಸಿ: ಆ ಸೆಪ್ಟೆಂಬರ್‌ನಲ್ಲಿ ಮತ್ತು ಅದರ ನಂತರ ಇದೇ ಜಿಲ್ಲೆಯಲ್ಲಿ ಸೇಡಿಗೆ ಬಲಿಯಾದ ನಿರಪರಾಧಿಗಳನ್ನೂ ಇಂದು ನೆನೆಯುತ್ತೇವೆ. ಈ ವಾಕ್ಯ ಓದಲು ಹತ್ತು ಸೆಕೆಂಡು ಸಾಕು, ಮತ್ತು ಅದನ್ನು ಕೇಳಬೇಕಾದ ಮಕ್ಕಳು ಸಾಲಿನಲ್ಲಿ ನಿಂತಿರುತ್ತಾರೆ.